ಎಣ್ಣೆಯ ಕೆಳಗಿನ ಅಕ್ಷರ

"ಇದನ್ನ ಯಾರು ಬರ್ಕೊಟ್ರು?"

ಶಿಲ್ಪಾ ಮಿಸ್ ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟು ಗಾನವಿಯ ಮುಖ ನೋಡಿದರು. ಬೈಯುವಾಗ ನೋಡುವ ನೋಟ ಅದಲ್ಲ. ತರಕಾರಿಯವನ ತಕ್ಕಡಿಯನ್ನು ಅಮ್ಮ ಹೀಗೆ ನೋಡುತ್ತಾಳೆ. ಬೈಗುಳವಾದರೂ ವಾಸಿ, ಈ ನೋಟ ಬೇಡ ಅನ್ನಿಸಿತು ಗಾನವಿಗೆ.

"ನಾನೇ ಬರೆದಿದ್ದು ಮಿಸ್."

"ನೀನೇ?"

"ಹೂಂ ಮಿಸ್."

"ಹೋದ ಟೆಸ್ಟ್‌ನಲ್ಲಿ ಹೊಯ್ಸಳರ ಬಗ್ಗೆ ಐದು ವಾಕ್ಯ ಬರಿ ಅಂದ್ರೆ ಎರಡು ಬರ್ದಿದ್ದೆ. ಅದೂ ತಪ್ಪು. ಈಗ ನೋಡಿದ್ರೆ ನಾಲ್ಕು ಪುಟ! ಮೊಬೈಲಿಗೆ ಹೇಳಿ ಬರೆಸ್ಕೊಂಡ್ಯಾ?"

"ಇಲ್ಲ ಮಿಸ್! ನಮ್ಮನೇಲಿ ಮೊಬೈಲ್ ಇರೋದು ಅಪ್ಪನ ಜೇಬಲ್ಲಿ."

ಆರನೇ ತರಗತಿಯ ಮಕ್ಕಳೆಲ್ಲ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಹೊರಟಾಗಿತ್ತು. ಮಹಾಂತೇಶ ಮಾತ್ರ ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತಿದ್ದ. ಎರಡು ಚಪ್ಪಲಿ ಹಾಕಿಕೊಳ್ಳಲು ಅಷ್ಟು ಹೊತ್ತು ಯಾಕೆ ಬೇಕು ಎಂದು ಯಾರೂ ಕೇಳಲಿಲ್ಲ. ಕಿವಿ ಇತ್ತಲೇ ಇತ್ತು.

ವಿಷಯ ಇಷ್ಟೇ. ಬೇಲೂರಿನಲ್ಲಿ ತಾಲೂಕಿನ ಶಾಲೆಗಳಿಗೆಲ್ಲ ಒಂದು ಸ್ಪರ್ಧೆ. 'ನಮ್ಮೂರ ಇತಿಹಾಸ' ಎಂದು ಬರೆದು, ವೇದಿಕೆಯ ಮೇಲೆ ನಿಂತು ಓದಬೇಕು. ಒಂದು ಶಾಲೆಯಿಂದ ಒಬ್ಬರೇ. ಎಲ್ಲರೂ ಬರೆದರು. ಕಿರಣ್ ಇಸವಿಗಳನ್ನೆಲ್ಲ ಕೆಂಪು ಇಂಕಿನಲ್ಲಿ ಬರೆದಿದ್ದ. ಆದರೆ ಬೆಳಿಗ್ಗೆ ಗಾನವಿ ತನ್ನದನ್ನು ಓದಿದಾಗ ಹಿಂದಿನ ಬೆಂಚಿನವರೂ ಗಲಾಟೆ ನಿಲ್ಲಿಸಿ ಕೇಳಿದ್ದರು. ಅನುಮಾನ ಹುಟ್ಟಿದ್ದೇ ಅಲ್ಲಿ.

ಮಿಸ್ ಒಂದು ಪುಟ ತಿರುವಿ ಬೆರಳಿಟ್ಟರು. "'ಕಾವಲಪ್ಪನ ಕಲ್ಲಿನ ಮೇಲೆ ಅಕ್ಷರಗಳಿವೆ. ನಾನೇ ಕಣ್ಣಾರೆ ನೋಡಿದ್ದೇನೆ. ಬೊಮ್ಮ ಎಂಬ ವೀರನು ಊರಿನ ದನಗಳನ್ನು ಕಳ್ಳರಿಂದ ಬಿಡಿಸಿ ಸತ್ತನು ಎಂದು ಅದರಲ್ಲಿದೆ.' ಇದು ನಿಜಾನಾ? ನೀನೇ ನೋಡಿದ್ಯಾ?"

ಗಾನವಿ ಪುಟದ ಮೇಲಿದ್ದ ಮಿಸ್ ಬೆರಳನ್ನೇ ನೋಡಿದಳು. ಇಲ್ಲ ಎಂದುಬಿಟ್ಟರೆ ನಾಲ್ಕೂ ಪುಟ ಕಾಪಿ ಎಂದೇ ಆಗುತ್ತದೆ. ಒಂದೇ ಒಂದು ವಾಕ್ಯಕ್ಕೋಸ್ಕರ ತಾನು ಬರೆದ ಉಳಿದದ್ದೆಲ್ಲ ಹೋಗಬೇಕೇ?

"ನೋಡಿದೀನಿ ಮಿಸ್."

"ಸರಿ. ಸೋಮವಾರ ಬೆಳಿಗ್ಗೆ ನಾನು ನಿಮ್ಮನೆ ಹತ್ರಾನೇ ಬಸ್ ಇಳೀತೀನಿ. ಆ ಅಕ್ಷರ ತೋರಿಸು. ತೋರಿಸಿದ್ರೆ ಬೇಲೂರಿಗೆ ನಿನ್ನ ಹೆಸರು. ಇಲ್ದಿದ್ರೆ ಕಿರಣ್‌ದು."

ಚಪ್ಪಲಿ ಹಾಕಿಕೊಂಡಾಯಿತೆಂದು ಕಾಣುತ್ತದೆ, ಮಹಾಂತೇಶ ಆಗ ಹೊರಟ.

ನಾಲ್ಕು ಪುಟ ಬಂದದ್ದು ಎಲ್ಲಿಂದ ಎನ್ನುವುದನ್ನು ಹೇಳಿಬಿಡಬೇಕು. ಶಾಲೆಯ ಲೈಬ್ರರಿ ಎಂದರೆ ಒಂದು ತಗಡಿನ ಪೆಟ್ಟಿಗೆ. ಅದರ ತಳದಲ್ಲಿ ಗಾನವಿಗೆ ಒಂದು ಸಣ್ಣ ಪುಸ್ತಕ ಸಿಕ್ಕಿತ್ತು. ಮುಖಪುಟ ಹರಿದುಹೋಗಿ ಹೆಸರೇ ಇರಲಿಲ್ಲ. ಕೊನೆಯ ಪುಟದಲ್ಲಿ ಮಾತ್ರ 'ಬರೆದವರು: ಇಂದುಧರ, ನಿವೃತ್ತ ಪೋಸ್ಟ್‌ಮ್ಯಾನ್, ಅರಸೀಕೆರೆ' ಎಂದಿತ್ತು. ಕಾಗದ ಹಂಚಲು ಸೈಕಲ್ ತುಳಿದ ಊರುಗಳಲ್ಲಿ ಕಂಡ ಗುಡಿ, ಕೆರೆ, ಕಲ್ಲುಗಳ ಬಗ್ಗೆ ಅವರು ಬರೆದಿದ್ದರು.

ಇತಿಹಾಸ ಎಂದರೆ ಗಾನವಿಗೆ ಅಲ್ಲಿಯವರೆಗೆ ಹಾಗಲಕಾಯಿ. ಯಾರೋ ಪಟ್ಟಕ್ಕೆ ಬಂದರು, ಯಾರೋ ಸೋತರು, ಸಾಧನೆಗಳನ್ನು ವಿವರಿಸಿ, ಐದು ಅಂಕ. ಈ ಪುಸ್ತಕ ಹಾಗಿರಲಿಲ್ಲ. ಯಾರೋ ಜಗಲಿಯ ಮೇಲೆ ಪಕ್ಕದಲ್ಲೇ ಕೂತು ಮಾತಾಡಿದ ಹಾಗಿತ್ತು.

'ಹಳೇಬೀಡಿನ ಗುಡಿಯ ಗೋಡೆಯಲ್ಲಿ ಎಲ್ಲಕ್ಕಿಂತ ಕೆಳಗಿನ ಸಾಲು ಬರೀ ಆನೆಗಳದ್ದು. ಎಣಿಸಿಯೇ ಬಿಡೋಣ ಎಂದು ಹೊರಟೆ. ನೂರಾ ಹದಿನೇಳಕ್ಕೆ ಬಂದಿದ್ದೆ. ಪಕ್ಕದಲ್ಲಿದ್ದವರು ಟೈಮ್ ಎಷ್ಟಾಯ್ತು ಸಾರ್ ಎಂದರು. ಹತ್ತೂ ಇಪ್ಪತ್ತು ಎಂದೆ. ತಿರುಗಿ ನೋಡಿದರೆ ನನ್ನ ಆನೆಗಳು ಇಪ್ಪತ್ತೊಂದು, ಇಪ್ಪತ್ತೆರಡು ಎಂದು ನಡೆಯುತ್ತಿದ್ದವು. ಆದ್ದರಿಂದ ಒಟ್ಟು ಎಷ್ಟು ಎಂದು ನನ್ನನ್ನು ಕೇಳಬೇಡಿ.'

ಇದನ್ನು ಓದಿ ಗಾನವಿ ಕೊಟ್ಟಿಗೆಯಲ್ಲಿ ಒಬ್ಬಳೇ ಕೂತು ಕಿಲಕಿಲ ನಕ್ಕಿದ್ದಳು. ಹಸು ಮೇವು ತಿನ್ನುವುದನ್ನು ಬಿಟ್ಟು ತಿರುಗಿ ನೋಡಿತ್ತು. ತಾನೂ ಹೀಗೇ ಬರೆಯಬೇಕು ಎಂದು ಆಗಲೇ ಅನ್ನಿಸಿದ್ದು. ಅವರ ಹಾಗೆ 'ನಾನು' ಎಂದಳು, ಅವರ ಹಾಗೆ ತಮಾಷೆ ಮಾಡಿದಳು, ಅವರ ಹಾಗೆ 'ಕಣ್ಣಾರೆ ನೋಡಿದೆ' ಎಂದಳು. ನೋಡದಿದ್ದರೂ ಎಂದಳು. ಬರೆಯುತ್ತಾ ಬರೆಯುತ್ತಾ ಎಷ್ಟು ಖುಷಿಯಾಗಿತ್ತೆಂದರೆ, ಆ ವಾಕ್ಯ ಸುಳ್ಳು ಎಂದು ಅನ್ನಿಸಿಯೇ ಇರಲಿಲ್ಲ.

ದಾರಿಯಲ್ಲಿ ಮಹಾಂತೇಶ ಹೊಲದ ಕಡೆಯಿಂದ ಓಡಿಬಂದ. ಅವನ ಅಪ್ಪನದು ಕೊಬ್ಬರಿ ವ್ಯಾಪಾರ. ಕೊಬ್ಬರಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡದೆ ಕೊಳ್ಳದ ಮನೆತನ. ಮಗನೂ ಹಾಗೇ.

"ಗಾನವಿ, ಕಾವಲಪ್ಪನ ಕಲ್ಲು ನಾನೂ ನೋಡಿದೀನಿ ಕಣೇ. ಅಕ್ಷರ ಎಲ್ಲೈತೆ?"

"ಐತೆ. ನೀನು ಸರಿಯಾಗಿ ನೋಡಿಲ್ಲ."

"ಹಂಗಾದ್ರೆ ಈಗ್ಲೇ ತೋರ್ಸು."

"ಈಗ ಆಗಲ್ಲ. ಅಜ್ಜಿ ಬೈತಾರೆ."

"ಅಜ್ಜಿ ಇನ್ನೂ ಹೊಲದಲ್ಲವ್ರೆ. ನಾನೇ ನೋಡ್ದೆ," ಎಂದ ಮಹಾಂತೇಶ. ಗಾನವಿ ಬಿರಬಿರನೆ ನಡೆದಳು. "ಸೋಮವಾರ ನಾನೂ ಬತ್ತೀನಿ!" ಎಂದು ಅವನು ಹಿಂದಿನಿಂದ ಕೂಗಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಗಾನವಿ ಮನೆ ಮುಟ್ಟುವವರೆಗೂ ಎರಡು ಸಲ ಬ್ಯಾಗಿನಲ್ಲಿದ್ದ ನೋಟ್‌ಬುಕ್ಕನ್ನು ಮುಟ್ಟಿ ನೋಡಿಕೊಂಡಳು.

ಕಾವಲಪ್ಪ ಇರುವುದು ಗಾನವಿಯ ಮನೆಯ ಕೊಟ್ಟಿಗೆಯ ಪಕ್ಕ, ಹುಣಸೆ ಮರದ ಕೆಳಗೆ. ಅವಳ ಎತ್ತರದ ಒಂದು ಚಪ್ಪಡಿ. ಸೋಮವಾರ ಸೋಮವಾರ ಅಜ್ಜಿ ಅದಕ್ಕೆ ಎಣ್ಣೆ ಹಚ್ಚಿ ದೀಪ ಇಡುತ್ತಾರೆ. ಬೀದಿಯಲ್ಲಿ ಯಾರ ಮನೆಯ ಹಸು ಕರು ಹಾಕಿದರೂ ಮೊದಲ ಗಿಣ್ಣುಹಾಲು ಅವನಿಗೆ. ಅಜ್ಜಿಯ ಅತ್ತೆ, ಅವರ ಅತ್ತೆ ಎಲ್ಲರೂ ಹೀಗೇ ಹಚ್ಚಿದ ಎಣ್ಣೆ, ದೀಪದ ಮಸಿ, ಕುಂಕುಮ, ಹಾಲು ಒಂದರ ಮೇಲೊಂದು ಕೂತು ಕಲ್ಲು ತಾರು ಬಳಿದಂತೆ ಕಪ್ಪಗಾಗಿತ್ತು. ಕೆಳಗೆ ಕತ್ತಿ ಹಿಡಿದ ಒಬ್ಬ ಮನುಷ್ಯ, ಅವನ ಹಿಂದೆ ದನಗಳು ಇರುವುದು ಮಸುಕಾಗಿ ಕಾಣುತ್ತಿತ್ತು. ಅದರ ಮೇಲೆ ಒಂದು ಪಟ್ಟಿ. ಇಂಥ ಕಲ್ಲುಗಳಲ್ಲಿ ಅಕ್ಷರ ಇದ್ದರೆ ಈ ಪಟ್ಟಿಯಲ್ಲೇ ಎಂದು ಇಂದುಧರ ಬರೆದಿದ್ದರು.

ಶನಿವಾರ ಮಧ್ಯಾಹ್ನ ಶಾಲೆ ಮುಗಿಸಿ ಬಂದವಳೇ ಗಾನವಿ ಒಂದು ಚೊಂಬು ನೀರು, ತೆಂಗಿನ ನಾರು, ಬಚ್ಚಲಿನ ಸೀಗೆಪುಡಿ ತಂದಳು. ಪಟ್ಟಿಯ ಒಂದು ಮೂಲೆಗೆ ಪುಡಿ ಹಚ್ಚಿ ಉಜ್ಜಿದ್ದೇ ತಡ.

"ಏಯ್! ಏನೇ ಮಾಡ್ತಿದ್ದೀಯ?"

ವೆಂಕಟಲಕ್ಷ್ಮಮ್ಮ, ಅಂದರೆ ಅಜ್ಜಿ, ಹುಲ್ಲಿನ ಹೊರೆಯನ್ನು ಅಲ್ಲೇ ಕೆಡವಿ ಬಂದು ನಾರು ಕಿತ್ತುಕೊಂಡರು. "ಕಾವಲಪ್ಪನ ಮೈ ಉಜ್ಜಾಕೆ ನೀನ್ಯಾರೇ? ಯಾರು ಹೇಳ್ಕೊಟ್ರು ನಿಂಗೆ?"

"ಯಾರೂ ಇಲ್ಲಜ್ಜಿ. ಅಕ್ಷರ ಐತಾ ಅಂತ ನೋಡ್ತಿದ್ದೆ."

"ಅಕ್ಷರ ತಕ್ಕಂಡು ನಿಂಗೇನಾಗ್ಬೇಕು?"

ಆ ಹೊತ್ತಿಗೆ ಸರಿಯಾಗಿ ಎದುರುಮನೆಯ ಉಗ್ರಪ್ಪ ಹಲ್ಲುಕಡ್ಡಿ ಕಚ್ಚಿಕೊಂಡು ಬಂದರು. ಬೀದಿಯಲ್ಲಿ ಸೂಜಿ ಬಿದ್ದರೂ ಅವರು ಬರುತ್ತಾರೆ. ಸೀಗೆಪುಡಿ ನೋಡಿದರು, ಗಾನವಿಯನ್ನು ನೋಡಿದರು, ಕಣ್ಣು ಸಣ್ಣದು ಮಾಡಿದರು.

"ಲಕ್ಷ್ಮಕ್ಕ, ಇದು ಹುಡ್ಗಿ ಬುದ್ಧಿ ಅಲ್ಲ. ಯಾರೋ ಹಿಂದ್ಗಡೆ ಅವ್ರೆ. ಅಕ್ಷರ ಐತೆ ಅಂತ ಗೊತ್ತಾದ್ರೆ ಹಳೇ ಕಲ್ಲಿನ ಡಿಪಾರ್ಟ್‌ಮೆಂಟ್‌ನೋರು ಜೀಪ್ ತಂದು ಕಲ್ಲನ್ನೇ ಹೊತ್ಕೊಂಡು ಹೋಗ್ತಾರೆ, ನೋಡ್ತಿರು. ಆಮೇಲೆ ಟಿಕೆಟ್ ತಗಂಡು ಹೋಗಿ ದೀಪ ಹಚ್ಬೇಕು!"

ಅಜ್ಜಿ ಹೌಹಾರಿದರು. "ಹಂಗೆಲ್ಲಾರ ಉಂಟೇನಪ್ಪ?"

"ಉಂಟೇನ ಅಂದ್ರೆ? ನಾನೇ ಕಣ್ಣಾರೆ ನೋಡಿದೀನಿ!"

ಗಾನವಿ ತಟ್ಟನೆ ತಲೆಯೆತ್ತಿದಳು. ತನ್ನ ನೋಟ್‌ಬುಕ್ಕಿನ ವಾಕ್ಯವೇ ಬೇರೊಬ್ಬರ ಬಾಯಿಂದ ಬಂದಿತ್ತು.

"ಯಾವೂರಲ್ಲಿ ಮಾಮ?"

"ಗಂಡಸಿ ಕಡೆ ಯಾವುದೋ ಊರು."

"ಗಂಡಸಿಗೆ ಯಾವಾಗ ಹೋಗಿದ್ರಿ?"

"ನಾನೆಲ್ಲಿ ಹೋಗ್ಲಿ, ನಮ್ ಭಾವ ಹೋಗಿದ್ದ."

"ಅವ್ರು ನೋಡಿದ್ರಾ?"

ಉಗ್ರಪ್ಪ ಹಲ್ಲುಕಡ್ಡಿಯನ್ನು ಈ ದವಡೆಯಿಂದ ಆ ದವಡೆಗೆ ದಾಟಿಸಿದರು. "ಬಸ್ಸಲ್ಲಿ ಯಾರೋ ಹೇಳಿದ್ರಂತೆ. ಏನ್ ಲಾಯರ್ ಹಂಗೆ ಕೇಳ್ತಾಳಪ್ಪ ಈ ಹುಡ್ಗಿ!" ಎಂದು ಹೊರಟೇಹೋದರು.

ಬೇರೆ ದಿನವಾಗಿದ್ದರೆ ಗಾನವಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಇವತ್ತು ನಗು ಬರಲಿಲ್ಲ. ಉಗ್ರಪ್ಪ ಮಾಮನಾದರೂ ಭಾವನ ಹೆಸರು ಹೇಳಿದರು. ಬೊಮ್ಮನ ಸುದ್ದಿಯನ್ನು ತನಗೆ ಯಾವ ಭಾವನೂ ಹೇಳಿರಲಿಲ್ಲ.

ಮನೆಯೊಳಗೆ ಹೋಗಿ ಆ ಪುಸ್ತಕ ತೆಗೆದಳು. ಈಗ ಅವಳಿಗೆ ಇಂದುಧರರ ಮೇಲೂ ಅನುಮಾನ ಬಂದುಬಿಟ್ಟಿತ್ತು. ಇವರೂ ಉಗ್ರಪ್ಪ ಮಾಮನ ಹಾಗೇ ಇದ್ದರೆ? ಕೇಳೋಕೆ ಚೆನ್ನಾಗಿದೆ ಎಂದು ಇಷ್ಟು ದಿನ ನಂಬಿದ್ದೆಲ್ಲ ಸುಳ್ಳಾಗಿದ್ದರೆ? ಪೆನ್ಸಿಲ್ ಹಿಡಿದು ಕೂತು, ಪೊಲೀಸಿನವರು ಮನೆ ಜಾಲಾಡುವ ಹಾಗೆ ಪುಟ ಪುಟವನ್ನೂ ಜಾಲಾಡಿದಳು. 'ಕಣ್ಣಾರೆ ನೋಡಿದೆ' ಎಂದಿದ್ದ ಕಡೆಗೆಲ್ಲ ಗೀಟು.

ಇಡೀ ಪುಸ್ತಕಕ್ಕೆ ನಾಲ್ಕೇ ಗೀಟು ಬಿದ್ದವು. ಅವಳು ಎಷ್ಟೋ ಇದೆ ಎಂದುಕೊಂಡಿದ್ದಳು.

ಹಾಗಾದರೆ ಉಳಿದ ಕಡೆ ಏನಿದೆ? ಮತ್ತೆ ಮೊದಲಿನಿಂದ ಹುಡುಕಿದಳು. 'ಬಿಕ್ಕೋಡಿನ ತೋಟದ ಕೆಲಸದವರೊಬ್ಬರು ಹೀಗೆ ಹೇಳಿದರು.' 'ಇದ್ದರೂ ಇರಬಹುದು.' 'ಈ ಕೆರೆ ಕಟ್ಟಿಸಿದವರು ಯಾರೋ ನನಗೆ ಗೊತ್ತಿಲ್ಲ. ಗೊತ್ತಿದೆ ಎಂದವರಿಬ್ಬರು ಸಿಕ್ಕಿದರು, ಇಬ್ಬರೂ ಬೇರೆ ಬೇರೆ ಹೆಸರು ಹೇಳಿ ಜಗಳಕ್ಕೆ ನಿಂತರು. ನಾನು ಕಾಗದ ಕೊಟ್ಟು ಸೈಕಲ್ ಹತ್ತಿದೆ.' ಇಂಥವನ್ನು ಎಣಿಸುತ್ತಾ ಹೋದಳು. ಮೂವತ್ತು ದಾಟಿದ ಮೇಲೆ ಬಿಟ್ಟಳು.

ವಿಚಿತ್ರವೆಂದರೆ, ಅವಳು ನಕ್ಕಿದ್ದೆಲ್ಲ ಇಂಥ ಕಡೆಗಳಲ್ಲೇ. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಮನುಷ್ಯ ಎಷ್ಟು ಇಷ್ಟವಾಗಿದ್ದ! ಬರೆಯಲು ಕೂತಾಗ ಮಾತ್ರ ಅವಳು ಆ ನಾಲ್ಕನ್ನು ಹೆಕ್ಕಿಕೊಂಡು ಮೂವತ್ತನ್ನು ಬಿಟ್ಟಿದ್ದಳು.

ಭಾನುವಾರ ಹಾಲು ಕರೆದು ಮುಗಿಸಿದ ಅಜ್ಜಿಯ ಪಕ್ಕ ಹೋಗಿ ಕೂತಳು. ಅಜ್ಜಿ ಇನ್ನೂ ಮುಖ ಬಿಗಿದುಕೊಂಡೇ ಇದ್ದರು.

"ನಿಜ ಹೇಳು. ಯಾರು ಕಳ್ಸಿದ್ದು ನಿನ್ನ?"

"ಯಾರೂ ಇಲ್ಲಜ್ಜಿ. ನಾನು ಸ್ಕೂಲಲ್ಲಿ ಸುಳ್ಳು ಬರ್ದೆ. ಅದನ್ನ ನಿಜ ಮಾಡೋಣ ಅಂತ ಉಜ್ಜಿದೆ." ಹೇಳುತ್ತಿದ್ದ ಹಾಗೇ ಅವಳಿಗೆ ಅಳು ಬಂತು. ಬೊಮ್ಮನಿಂದ ಹಿಡಿದು ಮಿಸ್ ಬರುವವರೆಗೆ ಎಲ್ಲವನ್ನೂ ಹೇಳಿದಳು.

ಅಜ್ಜಿ ಸೆರಗಿನಿಂದ ಅವಳ ಮೂಗು ಒರೆಸಿದರು. ಆಮೇಲೆ ಎದ್ದು, "ಬಾ ಇಲ್ಲಿ," ಎಂದರು.

ಕಲ್ಲಿನ ಮುಂದೆ ನಿಂತು ಅವಳ ಬಲಗೈಯ ಉಂಗುರದ ಬೆರಳನ್ನು ಹಿಡಿದರು. ಅದನ್ನು ಎಣ್ಣೆಯಲ್ಲಿ ಅದ್ದಿ, ಪಟ್ಟಿಯ ಎಡತುದಿಗೆ ಒತ್ತಿದರು. "ಮುಟ್ಟು. ಏನಾರ ಸಿಕ್ತಾ?"

ಬೆರಳ ತುದಿಗೆ ಒಂದು ತಗ್ಗು ಸಿಕ್ಕಿತು. ಅದು ಬಳಸಿಕೊಂಡು ಹೋಗಿ ಇನ್ನೊಂದು ತಗ್ಗಿಗೆ ಸೇರುತ್ತಿತ್ತು.

"ಈ ಮನೆಗೆ ಬರೋ ಸೊಸೆ ಮೊದಲ್ನೇ ದಿನ ಇಲ್ಲಿ ಬೆರಳಿಟ್ಟು ಎಣ್ಣೆ ಹಚ್ಬೇಕು. ನಮ್ಮತ್ತೆ ನನ್ ಬೆರಳು ಹಿಂಗೇ ಹಿಡ್ದಿದ್ರು. ನಿಮ್ಮಮ್ಮನ ಬೆರಳು ನಾನ್ ಹಿಡ್ದೆ. ಯಾರ್ ಬೆರಳು ಹಿಡಿದ್ರೂ ಈ ತಗ್ಗಿಗೇ ಬತ್ತೈತೆ. ಅಕ್ಷರಾನೋ, ಉಳಿ ಏಟೋ, ನಂಗೇನ್ ಗೊತ್ತು? ನಂಗೆ ಓದಾಕೆ ಬರಲ್ಲ."

"ಕಾವಲಪ್ಪ ಯಾರಜ್ಜಿ?"

"ದನ ಕಾಯಾಕೆ ಹೋಗಿ ಸತ್ತೋನು ಅಂತಿದ್ರು ನಮ್ಮತ್ತೆ."

"ಅವರು ನೋಡಿದ್ರಾ?"

"ಅವ್ರೆಲ್ಲಿ ನೋಡಾರು! ಅವರತ್ತೆ ಹೇಳಿದ್ದು. ಅವರತ್ತೆಗೆ ಅವರತ್ತೆ. ಅತ್ತೇರೆಲ್ಲ ಸೇರಿ ಸುಳ್ಳು ಹೇಳಿದ್ರೆ ನಾನೇನ್ ಮಾಡ್ಲಿ?" ಎಂದು ಅಜ್ಜಿ ಮೊದಲ ಸಲ ನಕ್ಕರು.

ಗಾನವಿ ಅಂದು ಮಧ್ಯಾಹ್ನವೇ ಹೊಸ ಹಾಳೆಯಲ್ಲಿ ಬರೆಯಲು ಶುರುಮಾಡಿದಳು.

ಸೋಮವಾರ ಬೇಲೂರಿನ ಬಸ್ಸು ಹುಣಸೆ ಮರದ ಹತ್ತಿರ ನಿಂತಿತು. ಶಿಲ್ಪಾ ಮಿಸ್ ಇಳಿದರು. ಮಹಾಂತೇಶ ಆಗಲೇ ಬಂದು ಮರದ ಕಟ್ಟೆಯ ಮೇಲೆ ಕೂತಿದ್ದ. ಅಜ್ಜಿ ಕೊಟ್ಟಿಗೆ ಗುಡಿಸುವ ನೆಪದಲ್ಲಿ ಒಂದೇ ಜಾಗವನ್ನು ಗುಡಿಸುತ್ತಿದ್ದರು. ಬಂದವರು ನಿಜವಾಗಿ ಟೀಚರೋ, ಜೀಪಿನವರ ಕಡೆಯವರೋ ಎಂಬ ಅನುಮಾನ ಅವರಿಗೆ ಪೂರ್ತಿ ಹೋಗಿರಲಿಲ್ಲ.

"ಎಲ್ಲಿ, ತೋರಿಸು," ಎಂದರು ಮಿಸ್.

ಗಾನವಿ ಕಲ್ಲಿನ ಮುಂದೆ ಬಂದು ನಿಂತಳು. "ಮಿಸ್, ಅಕ್ಷರ ನಾನು ನೋಡಿಲ್ಲ. ಸುಳ್ಳು ಹೇಳಿದೆ. ಬೊಮ್ಮನೂ ಸುಳ್ಳು."

"ನಾನು ಹೇಳ್ಲಿಲ್ವಾ!" ಎಂದು ಮಹಾಂತೇಶ ಕಟ್ಟೆಯಿಂದ ಜಿಗಿದ.

ಮಿಸ್ ಅವನತ್ತ ನೋಡಲಿಲ್ಲ. "ಹಾಗಾದ್ರೆ ಬಾಕಿದೂ ನಿಂದಲ್ಲ ಅಂತಾಯ್ತು."

"ಬಾಕಿದು ನಂದೇ ಮಿಸ್. ಇದೂ ನಂದೇ. ಓದಿ." ಅವಳು ಹೊಸ ಹಾಳೆಗಳನ್ನು ಮುಂದೆ ಚಾಚಿದಳು.

ಮಿಸ್ ನಿಂತಲ್ಲೇ ಓದತೊಡಗಿದರು. ಕೈಯಲ್ಲಿ ಕೆಂಪು ಪೆನ್ನು ಸಿದ್ಧವಾಗಿತ್ತು.

'ಕಾವಲಪ್ಪನ ಕಲ್ಲಿನಲ್ಲಿ ಅಕ್ಷರ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಅದರ ಮೇಲೆ ನಮ್ಮ ಅಜ್ಜಿಯ ಎಣ್ಣೆ ಕೂತಿದೆ. ಅಜ್ಜಿಯ ಎಣ್ಣೆಯ ಕೆಳಗೆ ಅವರ ಅತ್ತೆಯ ಎಣ್ಣೆ ಇದೆ. ನಾನು ಸೀಗೆಪುಡಿ ಹಾಕಿ ಉಜ್ಜಲು ಹೋಗಿ ಬೈಸಿಕೊಂಡೆ. ಎದುರುಮನೆ ಮಾಮ ನನ್ನನ್ನು ಡಿಪಾರ್ಟ್‌ಮೆಂಟಿನ ಗೂಢಚಾರಿ ಎಂದುಕೊಂಡರು. ಗೂಢಚಾರಿಗಳಿಗೆ ಸೀಗೆಪುಡಿ ಯಾರು ಕೊಡುತ್ತಾರೋ ಗೊತ್ತಿಲ್ಲ. ನನ್ನ ಬೆರಳಿಗೆ ಒಂದು ತಗ್ಗು ಸಿಕ್ಕಿತು. ಅದು ಅಕ್ಷರ ಇರಬಹುದು, ಉಳಿ ಜಾರಿದ ಗುರುತೂ ಇರಬಹುದು. ಓದಲು ಬಾರದ ಎಷ್ಟೋ ಜನ ಹೆಂಗಸರು ಇದೇ ತಗ್ಗನ್ನು ಮುಟ್ಟಿದ್ದಾರೆ. ಅವರು ಕೊಟ್ಟ ಸುದ್ದಿ ಒಂದೇ: ಇವನು ದನ ಕಾಯಲು ಹೋಗಿ ಸತ್ತನು.'

'ಗೂಢಚಾರಿ' ಬಂದ ಕಡೆ ಮಿಸ್ ಅವರ ತುಟಿ ಅಲ್ಲಾಡಿತು. ಕೊನೆಗೆ ಬಂದಾಗ ಅಲ್ಲಾಡಲಿಲ್ಲ. ಅವರು ಪೆನ್ನಿಗೆ ಕ್ಯಾಪ್ ಹಾಕಿದರು. ಚಪ್ಪಲಿ ಬಿಟ್ಟು ಕಲ್ಲಿನ ಹತ್ತಿರ ಹೋದರು. ಅಜ್ಜಿ ಪೊರಕೆ ಬಿಟ್ಟು ಓಡಿಬಂದರೂ ತಡೆಯಲಿಲ್ಲ. "ಉಂಗುರದ ಬೆರಳು ಕಣ್ರೀ, ಉಂಗುರದ ಬೆರಳು," ಎಂದು ಎಣ್ಣೆಬಟ್ಟಲು ಹಿಡಿದರು.

ಮಿಸ್ ಕಣ್ಣು ಮುಚ್ಚಿ ಮುಟ್ಟಿದರು. ಆಮೇಲೆ ಮಹಾಂತೇಶನೂ ಕೇಳದೆಯೇ ಬೆರಳು ಅದ್ದಿದ.

"ಅಕ್ಷರಾನೇ ಇರ್ಬೇಕು ಕಣೇ," ಎಂದರು ಮಿಸ್.

"ಇರಬಹುದು ಮಿಸ್," ಎಂದಳು ಗಾನವಿ.

ಮಿಸ್ ಕಣ್ಣು ಬಿಟ್ಟು ಅವಳನ್ನು ನೋಡಿದರು. ತಕ್ಕಡಿ ನೋಡುವ ನೋಟ ಹೋಗಿತ್ತು. "ಇದನ್ನ ಯಾವ ಮೊಬೈಲೂ ಬರೆಯಲ್ಲ ಬಿಡು. ಬೇಲೂರಲ್ಲಿ ಇದನ್ನೇ ಓದು. ಆದ್ರೆ ಒಂದು ಮಾತು. ಹೆಸರಿಲ್ದೆ ಸ್ವಲ್ಪ ಸಪ್ಪೆ ಅನ್ನಿಸಲ್ವಾ? ಹೆಸರು ಬೊಮ್ಮ ಅಂತ ಇರಬಹುದು ಅಂತ ಸೇರಿಸ್ತೀಯಾ?"

"ಹೂಂ ಕಣೇ, ಬೊಮ್ಮ ಇರ್ಲಿ," ಎಂದ ಮಹಾಂತೇಶ. "ಬೊಮ್ಮ ಚೆನ್ನಾಗಿದ್ದ."

ಗಾನವಿಗೂ ಬೊಮ್ಮ ಇಷ್ಟವಾಗಿದ್ದ. ಬಿಡಲು ಮನಸ್ಸಿರಲಿಲ್ಲ. ಆದರೆ ಕತ್ತಿ ಹಿಡಿದು ನಿಂತ ಆ ಕಪ್ಪು ಮನುಷ್ಯನನ್ನು ಒಮ್ಮೆ ನೋಡಿದಳು. ಅವನಿಗೂ ಒಬ್ಬಳು ಅಮ್ಮ ಇದ್ದಿರಬೇಕು. ಊಟಕ್ಕೆ ಬಾರೋ ಎಂದು ಅವಳು ಯಾವುದೋ ಹೆಸರು ಹಿಡಿದು ಕೂಗಿರಬೇಕು.

"ಬೇಡ ಮಿಸ್. ಅವನಿಗೆ ಒಂದು ಹೆಸರಿತ್ತು. ಅದರ ಮೇಲೆ ಎಣ್ಣೆ ಕೂತಿರೋದೇ ಸಾಕು. ಇನ್ನು ನಾನು ಬೇರೆ ಹೆಸರು ಮೆತ್ತಲ್ಲ."

ಕೊಟ್ಟಿಗೆಯಲ್ಲಿ ಕರು ಅಂಬಾ ಎಂದಿತು. ಮಿಸ್ ಬ್ಯಾಗಿನಿಂದ ಸ್ಪರ್ಧೆಯ ಫಾರಂ ತೆಗೆದು, ಕಟ್ಟೆಯ ಮೇಲೆ ಇಟ್ಟುಕೊಂಡು ಬರೆಯತೊಡಗಿದರು. ಎಣ್ಣೆಬೆರಳು ತಾಗಿ ಕಾಗದದ ಮೂಲೆಯಲ್ಲಿ ಒಂದು ಕಪ್ಪು ಗುರುತು ಬಿತ್ತು.

"ಇನಿಷಿಯಲ್ ಏನೇ ನಿಂದು?"

"ಎಂ. ಬಿ. ಮಿಸ್. ಎಂ. ಬಿ. ಗಾನವಿ."

ಮಿಸ್ ಬರೆದರು. ಗಾನವಿ ಬಗ್ಗಿ, ಒಂದೊಂದು ಅಕ್ಷರವೂ ಸರಿಯಾಗಿ ಬಿದ್ದಿದೆಯೇ ಎಂದು ಕೊನೆಯವರೆಗೂ ನೋಡಿದಳು.